ವ್ಯಸನಮುಕ್ತಿ ಮತ್ತು ಅನ್ನಧರ್ಮ



ವ್ಯಸನ ಎಂಬುದು ಸಂಸ್ಕೃತದಿಂದ ನಮ್ಮ ಮಾತಿಗೆ ಬಂದ ಪದ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಈ ಪದವನ್ನು ಬಿಡಿಸಿ ಹೇಳುತ್ತಾನೆ. ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ಯಾವುದು ಆಚೆಗೆ ಎಸೆಯುತ್ತದೆಯೋ ಅದು ವ್ಯಸನ. ಹಾಗೆ ಎಸೆಯಲ್ಪಟ್ಟವನು ತಿರುಗಿ ತನ್ನ ಸ್ಥಾನಕ್ಕೆ ಬಂದು ಕೂಡ್ರಬೇಕಾದರೆ ಏನು ಬೇಕು? ಆಣೆ ಮಾಡಿಸಿದರೆ ಸಾಕು ಎನ್ನುವವರುಂಟು. ಬೈದು ಬುದ್ಧಿ ಹೇಳಿದರೆ ಸಾಕು ಎನ್ನುವವರುಂಟು. ಅಂಗಡಿ ಮುಚ್ಚಿಸಿದರೆ ಸಾಕು ಎನ್ನುವವರೂ ಉಂಟು. ಇವೆಲ್ಲವೂ ಬೇಕಾದವೇ. ಆದರೆ ಇವೆಲ್ಲ ಆದ ಮರುದಿನ ಆ ಮನುಷ್ಯ ಏನು ಉಣ್ಣುತ್ತಾನೆ, ಎಷ್ಟು ಹೊತ್ತಿಗೆ ಉಣ್ಣುತ್ತಾನೆ, ಯಾರ ಜೊತೆ ಉಣ್ಣುತ್ತಾನೆ, ಸಂಜೆ ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನೇ ಇಂದು ನಾವು ಇತಿಹಾಸದ ಬೆಳಕಿನಲ್ಲಿ ವಿಚಾರ ಮಾಡೋಣ.

ಮೊದಲಿಗೆ ನಮ್ಮ ಬೀದರ ಪಟ್ಟಣದ್ದೇ ಒಂದು ದೃಷ್ಟಾಂತ. ಬಹಮನಿ ಅರಸರ ಪ್ರಧಾನಿ ಖ್ವಾಜಾ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಇಂದಿಗೂ ಊರ ನಡುವೆ ನಿಂತಿದೆ. ವಿದ್ಯೆಗೂ ರಾಜ್ಯಕ್ಕೂ ಅಷ್ಟು ದುಡಿದ ಆ ವೃದ್ಧನ ಅಂತ್ಯ ಹೇಗಾಯಿತು? ಫರಿಷ್ತಾ ಎಂಬ ಚರಿತ್ರಕಾರನು ಬರೆದಿರುವಂತೆ, ವೈರಿಗಳು ಪ್ರಧಾನಿಯ ಮುದ್ರೆ ಕಾಯುವ ಸೇವಕನ ಸ್ನೇಹ ಬೆಳೆಸಿದರು; ಅವನು ಅಮಲಿನಲ್ಲಿದ್ದಾಗ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು; ಅದರ ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಆ ಪತ್ರ ನೋಡಿದ ಸುಲ್ತಾನ ಮೂರನೆಯ ಮುಹಮ್ಮದ ಶಹನೂ ಅಮಲಿನಲ್ಲಿದ್ದ. ಹಿಂದುಮುಂದು ವಿಚಾರಿಸದೆ 1481ರ ಏಪ್ರಿಲ್ 5ರಂದು ಪ್ರಧಾನಿಯನ್ನು ಕೊಲ್ಲಿಸಿದ. ಸತ್ಯ ತಿಳಿದ ಮೇಲೆ ಪಶ್ಚಾತ್ತಾಪಪಟ್ಟನಾದರೂ ಕುಡಿತ ಬಿಡಲಿಲ್ಲ. ಮರುವರ್ಷ 1482ರಲ್ಲಿ ಅವನೂ ತೀರಿಕೊಂಡ. ಮುಂದೆ ರಾಜ್ಯ ಐದು ಹೋಳಾಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಸೇವಕನ ಒಂದು ಅಮಲು, ಒಡೆಯನ ಒಂದು ಅಮಲು ಕೂಡಿ ಒಬ್ಬ ಸಜ್ಜನನ ತಲೆ ತೆಗೆದವು ಎಂಬುದನ್ನು ಬೀದರದವರಾದ ನಾವು ಮರೆಯಬಾರದು. ಪಶ್ಚಾತ್ತಾಪ ಒಂದೇ ವ್ಯಸನವನ್ನು ಬಿಡಿಸುವುದಿಲ್ಲ ಎಂಬುದಕ್ಕೂ ಆ ಸುಲ್ತಾನನೇ ಸಾಕ್ಷಿ.

ಇನ್ನು ಅದಕ್ಕೂ ಮುನ್ನೂರು ವರುಷ ಹಿಂದಕ್ಕೆ, ಕಲ್ಯಾಣಕ್ಕೆ ಹೋಗೋಣ. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯ ಎಂಬವರೊಬ್ಬರು ಇದ್ದರು. ಧರ್ಮೇಶ್ವರಲಿಂಗ ಎಂಬುದು ಅವರ ವಚನಗಳ ಅಂಕಿತ. ಹೆಂಡ ಮಾರುವುದೇ ಅವರ ವೃತ್ತಿಯಾಗಿತ್ತು ಎಂಬುದು ಪರಂಪರೆಯ ಮಾತು. ಹೆಂಡ ಮಾರಿದವನೆಂದು ಶರಣರು ಅವರನ್ನು ಹೊರಗೆ ನಿಲ್ಲಿಸಲಿಲ್ಲ. ವಚನಕಾರರ ಸಾಲಿನಲ್ಲಿಯೇ ಕೂರಿಸಿದರು. ಹೊರಗಿದ್ದವನನ್ನು ಒಳಗೆ ಕರೆದುಕೊಳ್ಳುವ ಶಕ್ತಿ ಕಲ್ಯಾಣಕ್ಕೆ ಎಲ್ಲಿಂದ ಬಂತು? ಅಲ್ಲಿ ಬರಿಯ ಉಪದೇಶವಿರಲಿಲ್ಲ. ಹಗಲಿಗೆ ಕಾಯಕವಿತ್ತು, ಹಸಿವಿಗೆ ದಾಸೋಹವಿತ್ತು, ಮನಸ್ಸಿಗೆ ಅನುಭಾವಗೋಷ್ಠಿ ಇತ್ತು. ಒಬ್ಬ ಮನುಷ್ಯನ ಇಡೀ ದಿನವನ್ನು ತುಂಬುವ ವ್ಯವಸ್ಥೆ ಅದು. ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆ ಗೊತ್ತು. ಗಂಡ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಆ ತಾಯಿ ಹೇಳಿದರು. ಎಷ್ಟು ಬೇಕೋ ಅಷ್ಟು, ಯಾವಾಗ ಬೇಕೋ ಆವಾಗ ಎಂಬ ಮಿತಿಯನ್ನು ಅನ್ನದಲ್ಲಿ ಕಲಿತವರು ಅವರು. ವ್ಯಸನ ಎಂದರೆ ಮಿತಿ ಕಳೆದುಹೋಗುವುದು. ಅದನ್ನು ಮತ್ತೆ ಕಲಿಯುವ ಮೊದಲ ಶಾಲೆ ಊಟದ ತಾಟು.

ನಮ್ಮ ಬೀದರ, ಭಾಲ್ಕಿ, ಔರಾದ ಸೀಮೆ 1948ರ ಸೆಪ್ಟೆಂಬರದವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಅಬಕಾರಿ ಆ ಸರ್ಕಾರದ ದೊಡ್ಡ ವರಮಾನಗಳಲ್ಲಿ ಒಂದು. ಸೇಂದಿ, ಇಪ್ಪೆ ಹೂವಿನ ಸರಾಯಿ ಇವುಗಳ ಗುತ್ತಿಗೆಯಿಂದ ಬೊಕ್ಕಸ ತುಂಬುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಹಿರಿಯರು ಸಂವಿಧಾನ ಬರೆದರು. ಅದರ 47ನೆಯ ವಿಧಿಯನ್ನು ನೀವು ಓದಬೇಕು. ಜನರ ಪೌಷ್ಟಿಕತೆಯ ಮಟ್ಟವನ್ನೂ ಜೀವನಮಟ್ಟವನ್ನೂ ಏರಿಸಬೇಕು, ಆರೋಗ್ಯವನ್ನು ಸುಧಾರಿಸಬೇಕು, ಮಾದಕ ಪೇಯಗಳನ್ನು ನಿಷೇಧಿಸಲು ಯತ್ನಿಸಬೇಕು ಎಂದು ಅಲ್ಲಿ ಒಂದೇ ವಿಧಿಯಲ್ಲಿ ಹೇಳಿದೆ. ಅನ್ನ ಮತ್ತು ಮದ್ಯ ಎರಡನ್ನೂ ಬೇರೆಬೇರೆ ಪುಟದಲ್ಲಿ ಬರೆಯಲಿಲ್ಲ. ನಾವಾದರೋ ಆ ವಿಧಿಯ ಕೊನೆಯ ಭಾಗವನ್ನಷ್ಟೇ ಭಾಷಣಗಳಲ್ಲಿ ಹೇಳುತ್ತೇವೆ, ಮೊದಲ ಭಾಗವನ್ನು ಬಿಟ್ಟುಬಿಡುತ್ತೇವೆ.

ಬಿಟ್ಟದ್ದರ ಫಲವೂ ಕಣ್ಣ ಮುಂದಿದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸರಾಯಿ ನಿಂತಿತು. ಅನೇಕ ತಾಯಂದಿರು ಅಂದು ನಿಟ್ಟುಸಿರು ಬಿಟ್ಟರು. ಆದರೆ ಪಾಕೀಟು ಹೋದ ಕಡೆ ಬಾಟಲಿ ಬಂದಿತು. ನೆರೆಯ ತೆಲಂಗಾಣದಲ್ಲಿ ಕ್ಲೋರಲ್ ಹೈಡ್ರೇಟ್, ಡಯಾಜೆಪಾಂ ಮುಂತಾದ ಮತ್ತಿನ ಔಷಧಗಳನ್ನು ಬೆರೆಸಿದ ಕಲ್ಲು ಮಾರುವುದು ಬಹಳ ದಿನದ ಪಿಡುಗು. 2015ರಲ್ಲಿ ಅಲ್ಲಿಯ ಸರ್ಕಾರ ಅದನ್ನು ಬಿಗಿಯಾಗಿ ತಡೆಯಿತು. ತಡೆದದ್ದು ಸರಿಯೇ. ಆದರೆ ನಿತ್ಯ ಕುಡಿಯುತ್ತಿದ್ದ ಬಡವರು ಒಮ್ಮೆಲೇ ಅದು ಸಿಗದಾದಾಗ ನಡುಗಿ, ಭ್ರಮಿಸಿ, ಗುಂಪುಗುಂಪಾಗಿ ಆಸ್ಪತ್ರೆ ಸೇರಿದರು. ಅಂಗಡಿ ಮುಚ್ಚುವುದು ಒಂದು ದಿನದ ಕೆಲಸ. ದೇಹದೊಳಗೆ ಹಲವು ವರುಷ ತೆರೆದಿದ್ದ ಅಂಗಡಿಯನ್ನು ಮುಚ್ಚುವುದು ಬೇರೆಯೇ ಕೆಲಸ.

ಮಠಗಳು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಇಳಕಲ್ಲಿನ ವಿಜಯಮಹಾಂತೇಶ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಆರಂಭಿಸಿದರು. ಜಂಗಮನ ಜೋಳಿಗೆಗೆ ಜೋಳ, ಕಾಳು, ಹಣ ಬೀಳುವುದು ವಾಡಿಕೆ. ಅವರು ಮನೆಮನೆಗೆ, ಕೇರಿಕೇರಿಗೆ ಹೋಗಿ, ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ರಾಜ್ಯವು ಆಚರಿಸುತ್ತದೆ. ಕುಡುಕನನ್ನು ಅಪರಾಧಿಯಂತೆ ನೋಡದೆ ದಾನಿಯಂತೆ ನೋಡಿದ್ದು ಆ ಜೋಳಿಗೆಯ ದೊಡ್ಡತನ. ಏನೂ ಇಲ್ಲದವನಿಗೂ ಕೊಡಲು ಒಂದು ವಸ್ತು ಇದೆ ಎಂದು ತೋರಿಸಿದರು ಅವರು.

ಆದರೆ ಬಂಧುಗಳೇ, ಜೋಳಿಗೆಗೆ ಚಟ ಹಾಕಿ ಮನೆಗೆ ಹೋದವನ ಗತಿ ಮುಂದೇನು? ಇಲ್ಲಿ ಒಂದು ಎಚ್ಚರಿಕೆಯ ಮಾತು; ಇದನ್ನು ಎಲ್ಲರೂ ಕಿವಿಗೊಟ್ಟು ಕೇಳಬೇಕು. ಹಲವು ವರುಷ ದಿನಾಲು ವಿಪರೀತ ಕುಡಿದವನು ಒಮ್ಮೆಲೇ ಬಿಟ್ಟರೆ, ಕೆಲವೇ ತಾಸುಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಜ್ವರ, ಭ್ರಾಂತಿ, ಇಲ್ಲದ್ದು ಕಾಣಿಸುವುದು ಆರಂಭವಾಗುತ್ತದೆ. ಅದು ಪ್ರಾಣಕ್ಕೂ ಅಪಾಯ. ಊರಲ್ಲಿ ಇದನ್ನು ಗಾಳಿ ಸೋಕಿದೆ ಎಂದು ತಿಳಿದು ತಾಯಿತ ಕಟ್ಟಿಸುವವರುಂಟು. ಅದು ಗಾಳಿಯಲ್ಲ, ರೋಗ. ಆದ್ದರಿಂದ ಅಂಥವನಿಗೆ ಆಣೆ ಮಾಡಿಸುವ ಮೊದಲು ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಬೀದರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಭಾಲ್ಕಿ ಮತ್ತು ಔರಾದದಲ್ಲಿ ತಾಲೂಕು ಆಸ್ಪತ್ರೆಗಳಿವೆ. ಮನಸ್ಸಿನ ತೊಂದರೆಗೆ ಸಲಹೆ ಕೇಳಲು 14416 ಎಂಬ ಟೆಲಿ ಮಾನಸ್ ಸಂಖ್ಯೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದೆ. ವೈದ್ಯರ ಬಳಿ ಹೋಗುವುದರಿಂದ ವ್ರತಕ್ಕೆ ಭಂಗವಿಲ್ಲ. ವ್ರತ ಉಳಿಯುವುದೇ ಅದರಿಂದ.

ನಮ್ಮ ಪ್ರಾಚೀನ ವೈದ್ಯರಿಗೆ ಈ ಸೂಕ್ಷ್ಮ ತಿಳಿದಿತ್ತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ 24ನೆಯ ಅಧ್ಯಾಯವೆಲ್ಲ ಮದಾತ್ಯಯ, ಅಂದರೆ ಮದ್ಯದಿಂದ ಬಂದ ರೋಗದ ಚಿಕಿತ್ಸೆಗೇ ಮೀಸಲಾಗಿದೆ. ಮದ್ಯದಿಂದ ಬಳಲಿ ಬತ್ತಿದ ದೇಹಕ್ಕೆ ಹಾಲನ್ನು ಕೊಡುವ ಕ್ರಮವನ್ನು ಅಲ್ಲಿ ಹೇಳಿದೆ. ರೋಗಿಯ ಮನಸ್ಸಿಗೆ ಹರ್ಷವಾಗುವಂತೆ ನಡೆದುಕೊಳ್ಳಬೇಕೆಂದೂ ಹೇಳಿದೆ. ಒಮ್ಮೆ ಬಿಟ್ಟವನು ಮತ್ತೆ ಥಟ್ಟನೆ ಅತಿಯಾಗಿ ಕುಡಿದರೆ ಧ್ವಂಸಕ, ವಿಕ್ಷಯ ಎಂಬ ಕಠಿಣ ರೋಗಗಳು ಬರುತ್ತವೆ ಎಂದೂ ಎಚ್ಚರಿಸಿದೆ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ ಇನ್ನೊಂದು ಮಾತುಂಟು. ದೇಹಕ್ಕೆ ರೂಢಿಯಾದ ಅಹಿತವನ್ನು ಕಾಲುಕಾಲು ಭಾಗವಾಗಿ ಬಿಡುತ್ತ ಹೋಗಬೇಕು, ಬಿಟ್ಟಷ್ಟೇ ಸ್ಥಳದಲ್ಲಿ ಹಿತವಾದುದನ್ನು ತುಂಬುತ್ತ ಬರಬೇಕು. ಪಾದಾಂಶ ಕ್ರಮವೆಂದು ಇದರ ಹೆಸರು. ಇಂದಿನ ವೈದ್ಯರು ಮದ್ಯವನ್ನೇ ಸ್ವಲ್ಪಸ್ವಲ್ಪ ಕೊಡುತ್ತ ಹೋಗುವುದಿಲ್ಲ. ಬೇರೆ ಔಷಧ ಕೊಟ್ಟು, ಅದನ್ನು ದಿನದಿನಕ್ಕೆ ಇಳಿಸುತ್ತ ಬಂದು ಅದೇ ತತ್ತ್ವವನ್ನು ಸಾಧಿಸುತ್ತಾರೆ. ಹಾಗೆಂದು ಕುಡಿಯುವವನು ತಾನೇ ವೈದ್ಯನಾಗಿ, ಇಂದು ಒಂದು ಗುಟುಕು ಕಡಿಮೆ ಮಾಡುವೆ ಎಂದು ಲೆಕ್ಕ ಹಾಕುತ್ತ ಕೂಡಬಾರದು. ನಾವು ಹಿಡಿಯಬೇಕಾದದ್ದು ಎರಡನೆಯ ಮಾತನ್ನು: ಬಿಟ್ಟ ಸ್ಥಳವನ್ನು ಹಿತದಿಂದ ತುಂಬಬೇಕು. ಖಾಲಿ ಬಿಟ್ಟರೆ ಹಳೆಯದೇ ಬಂದು ಕೂಡುತ್ತದೆ.

ಇನ್ನು ದೇಹದ ವಿಚಾರ. ಅಂಗಡಿಯಲ್ಲಿ ಮಾರುವ 180 ಮಿಲಿ ಕ್ವಾರ್ಟರ್ ಬಾಟಲಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇರುತ್ತದೆ. ಅದರಿಂದ ದೊರೆಯುವ ಉಷ್ಣಶಕ್ತಿ ಸುಮಾರು 420 ಕ್ಯಾಲೊರಿ. ಅಂದರೆ 120 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ ದೊರೆಯುವಷ್ಟು. ಹೀಗಾಗಿ ಕುಡಿದವನಿಗೆ ಹೊಟ್ಟೆ ತುಂಬಿದಂತೆ ಅನಿಸುತ್ತದೆ, ಅನ್ನ ಬೇಡವೆನ್ನುತ್ತಾನೆ. ಆದರೆ ಆ ರೊಟ್ಟಿಯಲ್ಲಿ ಹತ್ತು ಹನ್ನೆರಡು ಗ್ರಾಂ ಸಸಾರಜನಕ ಇದೆ, ಜೀವಸತ್ವಗಳಿವೆ, ಕಬ್ಬಿಣ, ಮೆಗ್ನೀಸಿಯಂ ಇವೆ. ಬಾಟಲಿಯಲ್ಲಿ ಇವು ಒಂದೂ ಇಲ್ಲ. ಮೇಲಾಗಿ, ತಿಂದ ಅಲ್ಪಸ್ವಲ್ಪವನ್ನೂ ಕರುಳು ಸರಿಯಾಗಿ ಹೀರಿಕೊಳ್ಳದಂತೆ ಮದ್ಯ ತಡೆಯುತ್ತದೆ. ಕುಡುಕನು ಉಂಡೂ ಉಪವಾಸಿ.

ಈ ಉಪವಾಸ ಮೊದಲು ಹೊಡೆಯುವುದು ಮಿದುಳನ್ನು. ಬಿ-1 ಎಂಬ ಜೀವಸತ್ವವನ್ನು ಥಯಾಮಿನ್ ಎನ್ನುತ್ತಾರೆ. ಅದರ ಸಂಗ್ರಹ ದೇಹದಲ್ಲಿ ಎರಡು ಮೂರು ವಾರಕ್ಕೆ ಸಾಲುವಷ್ಟು ಮಾತ್ರ. ಅದು ತೀರಿದರೆ ಕಣ್ಣಗುಡ್ಡೆ ತಪ್ಪುತ್ತದೆ, ನಡಿಗೆ ತೂರಾಡುತ್ತದೆ, ಬುದ್ಧಿ ಭ್ರಮಿಸುತ್ತದೆ, ನೆನಪು ಅಳಿಯುತ್ತದೆ. 1881ರಲ್ಲಿ ಜರ್ಮನಿಯ ವೆರ್ನಿಕೆ, 1887ರಲ್ಲಿ ರಷ್ಯಾದ ಕೊರ್ಸಕೋವ್ ಎಂಬ ವೈದ್ಯರು ಈ ರೋಗವನ್ನು ಕುಡುಕರಲ್ಲಿ ಕಂಡು ವರ್ಣಿಸಿದರು. ಕಾರಣ ಆಗ ಗೊತ್ತಿರಲಿಲ್ಲ. 1936ರಲ್ಲಿ ಥಯಾಮಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಅಮೆರಿಕೆಯ ವಿಜ್ಞಾನಿಯಾದರೂ ಹುಟ್ಟಿದ್ದು ಆಂಧ್ರದ ನೆಲ್ಲೂರಿನಲ್ಲಿ, ಪಾದ್ರಿಗಳ ಮನೆಯಲ್ಲಿ. ಅದೇ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದ ತಾಯಂದಿರು 1992ರ ಸುಮಾರಿಗೆ ಸರಾಯಿ ವಿರುದ್ಧ ಎದ್ದು ನಿಂತು ಇಡೀ ಆಂಧ್ರವನ್ನು ಎಬ್ಬಿಸಿದರು. ಕುಡಿತದಿಂದ ಕೆಟ್ಟ ಮಿದುಳಿಗೆ ಮದ್ದು ತಯಾರಿಸಿದವನೂ, ಕುಡಿತದ ಅಂಗಡಿಗೆ ಬೀಗ ಹಾಕಿಸಿದವರೂ ಒಂದೇ ಸೀಮೆಯವರು ಎಂಬುದು ನೆನಪಿಡತಕ್ಕ ಸಂಗತಿ. ಇಂದು ಆಸ್ಪತ್ರೆಗೆ ಬಂದ ಕುಡುಕನಿಗೆ ವೈದ್ಯರು ಗ್ಲೂಕೋಸ್ ಏರಿಸುವ ಮೊದಲು ಅಥವಾ ಅದರ ಜೊತೆಯಲ್ಲೇ ಥಯಾಮಿನ್ ಕೊಡುವುದನ್ನು ಕಡ್ಡಾಯವೆಂಬಂತೆ ಪಾಲಿಸುತ್ತಾರೆ.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಸಂಗತಿ ಇದೆ. ದಖ್ಖನದಲ್ಲಿ ಜೋಳ ತಿನ್ನುವ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣುತ್ತಿತ್ತು. ಕೊರಳು, ಕೈ, ಕಾಲಿನ ಚರ್ಮ ಬಿಸಿಲಿಗೆ ಕಪ್ಪಾಗಿ ಸುಲಿಯುವುದು, ಭೇದಿ, ಮತಿಮಂಕು ಇದರ ಗುರುತುಗಳು. ನಯಾಸಿನ್ ಎಂಬ ಜೀವಸತ್ವದ ಕೊರತೆ ಇದರ ಮೂಲ. 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೌಷ್ಟಿಕತಾ ಸಂಶೋಧನಾ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯನವರು 1960ರಲ್ಲಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಾಗಿರುವುದಕ್ಕೂ ಈ ರೋಗಕ್ಕೂ ಸಂಬಂಧವಿದೆ ಎಂದು ಪ್ರತಿಪಾದಿಸಿದರು. ಕುಡಿತ ಸೇರಿದರೆ ಪೆಲಾಗ್ರ ಇನ್ನೂ ಬೇಗ ಬರುತ್ತದೆ. ಹಾಗಾದರೆ ಜೋಳ ಬಿಡಬೇಕೆ? ಬೇಡ. ಪಾಲಿಶ್ ಮಾಡಿದ ಅಕ್ಕಿಗಿಂತ ಜೋಳದಲ್ಲಿ ಥಯಾಮಿನ್ ಐದಾರು ಪಟ್ಟು ಹೆಚ್ಚಿದೆ. ಬರೀ ಜೋಳವನ್ನೇ ತಿನ್ನಬಾರದು, ಅಷ್ಟೆ. ಕಾರ ಹಚ್ಚಿಕೊಂಡು ಒಣ ರೊಟ್ಟಿ ತಿಂದು, ಮೇಲೆ ಕ್ವಾರ್ಟರ್ ಕುಡಿದು ಮಲಗುವವನಿಗೆ ಆ ರೋಗ. ಬೇಳೆ, ಶೇಂಗಾ, ಹಾಲು, ಸೊಪ್ಪು ಕೂಡಿದ ರೊಟ್ಟಿ ಬಲಕೊಡುವ ಅನ್ನ.

ನಮ್ಮ ಹಿರಿಯರು ಇದನ್ನು ಪುಸ್ತಕ ಓದಿ ಕಲಿಯಲಿಲ್ಲ. ಎಳ್ಳಮಾವಾಸ್ಯೆಯ ದಿನ ನಮ್ಮ ಹೊಲಗಳಲ್ಲಿ ಏನು ಉಣ್ಣುತ್ತೇವೆ? ಹಸಿ ಕಡಲೆ, ಅವರೆ, ತೊಗರಿ ಕಾಳು, ನಾನಾ ತರದ ಸೊಪ್ಪು, ತರಕಾರಿ ಕೂಡಿಸಿ ಕುದಿಸಿದ ಭಜ್ಜಿ. ಜೊತೆಗೆ ಸಜ್ಜೆಯ ರೊಟ್ಟಿ, ಜೋಳದ ಅಂಬಲಿ, ಶೇಂಗಾದ ಹೋಳಿಗೆ. ಪೆಲಾಗ್ರಕ್ಕೂ ಬಿ-1ರ ಕೊರತೆಗೂ ಬೇಕಾದ ಪಥ್ಯವೆಲ್ಲ ಒಂದು ತಾಟಿನಲ್ಲಿ ಇದೆ. ವರ್ಷಕ್ಕೊಮ್ಮೆ ಉಣ್ಣುವ ಆ ಊಟದ ತತ್ತ್ವವನ್ನು ಚಟ ಬಿಟ್ಟವನ ಮನೆಯಲ್ಲಿ ನಿತ್ಯ ಪಾಲಿಸಬೇಕು. ಬೀದರ ಜಿಲ್ಲೆ ಹೆಸರು, ಉದ್ದು, ತೊಗರಿ, ಕಡಲೆ ಬೆಳೆಯುವ ನೆಲ. ಔರಾದ, ಭಾಲ್ಕಿ ಕಡೆ ದೇವಣಿ ತಳಿಯ ಹಸುಗಳ ಹಾಲಿದೆ. ಪುಂಡಿಪಲ್ಲೆ, ಮೆಂತೆ, ರಾಜಗಿರಿ ಇವು ಬಡವನಿಗೂ ನಿಲುಕುತ್ತವೆ.

ತಾಯಂದಿರೇ, ಒಂದು ದಿನಚರಿ ಹೇಳುತ್ತೇವೆ, ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಮುಂಜಾನೆ ಎದ್ದು ಸ್ನಾನ, ಲಿಂಗಪೂಜೆ. ಬರೀ ಚಹಾದ ಮೇಲೆ ಬಿಡದೆ, ಅಂಬಲಿಯಾಗಲಿ ಹಾಲಾಗಲಿ, ಮೊಳಕೆ ಬಂದ ಹೆಸರು ಕಾಳಾಗಲಿ ಕೊಡಿರಿ. ಮಧ್ಯಾಹ್ನ ರೊಟ್ಟಿ, ಬೇಳೆ, ಪಲ್ಲೆ, ಮಜ್ಜಿಗೆ. ಇನ್ನು ಸಂಜೆ ಐದರಿಂದ ಏಳು ಗಂಟೆ ಎಲ್ಲಕ್ಕಿಂತ ಕಠಿಣವಾದ ಹೊತ್ತು. ದುಡಿದು ದಣಿದು ಹಸಿದ ದೇಹಕ್ಕೆ ಹಸಿವು ಯಾವುದು, ಹೆಂಡದ ಹಂಬಲ ಯಾವುದು ಎಂದು ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಹುರಿದ ಕಡಲೆ, ಶೇಂಗಾ, ಒಂದು ತುಣುಕು ಬೆಲ್ಲ, ಒಂದು ಹಣ್ಣು ಕೈಯಲ್ಲಿಡಿರಿ. ರಾತ್ರಿಯೂಟ ಎಂಟರೊಳಗೆ ಆಗಲಿ. ಮೊದಲ ಕೆಲವು ವಾರ ನಿದ್ದೆ ಬಾರದು. ಬೈಯಬೇಡಿರಿ, ಅದು ದೇಹ ಸರಿಹೋಗುವ ಲಕ್ಷಣ. ಹೊಟ್ಟೆ ಉಬ್ಬಿದವರು, ಕಾಮಾಲೆಯಾದವರು, ಸಕ್ಕರೆ ರೋಗವಿದ್ದವರು ಉಪ್ಪು, ಬೆಲ್ಲಗಳ ವಿಷಯದಲ್ಲಿ ವೈದ್ಯರ ಮಾತಿನಂತೆ ನಡೆಯಬೇಕು. ಒಂದು ಚಟ ಬಿಟ್ಟೆನೆಂದು ಗುಟಖಾ, ಬೀಡಿಗಳನ್ನು ಹೆಚ್ಚಿಸುವುದೂ ಸಲ್ಲದು. ಅನ್ನದಿಂದಲೇ ಚಟ ಹೋಗುತ್ತದೆಂದು ನಾವು ಹೇಳುತ್ತಿಲ್ಲ. ಅನ್ನವಿಲ್ಲದೆ ಬಿಟ್ಟ ಚಟ ನಿಲ್ಲುವುದು ಕಷ್ಟ ಎನ್ನುತ್ತೇವೆ.

ಅನ್ನಕ್ಕೂ ಸಂಕಲ್ಪಕ್ಕೂ ಏನು ಸಂಬಂಧ ಎನ್ನುವವರಿಗೆ ಛಾಂದೋಗ್ಯ ಉಪನಿಷತ್ತಿನ ಶ್ವೇತಕೇತುವಿನ ಕಥೆ ಉತ್ತರ. ಹನ್ನೆರಡು ವರುಷ ವೇದ ಓದಿ ಬಂದ ಮಗನಿಗೆ ತಂದೆ ಉದ್ದಾಲಕನು ಹದಿನೈದು ದಿನ ಊಟ ಬಿಡು, ನೀರು ಮಾತ್ರ ಕುಡಿ ಎಂದ. ಹದಿನಾರನೆಯ ದಿನ ವೇದ ಹೇಳು ಎಂದಾಗ ಮಗನಿಗೆ ಒಂದೂ ನೆನಪಿಗೆ ಬರಲಿಲ್ಲ. ಉಂಡು ಬಂದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ. ಮನಸ್ಸು ಅನ್ನದಿಂದಲೇ ಆದುದು ಎಂದು ತಂದೆ ತಿಳಿಸಿದ. ಕಂಠಪಾಠವಾದ ವೇದವೇ ಹಸಿದ ಮನಸ್ಸಿನಲ್ಲಿ ನಿಲ್ಲದಿದ್ದರೆ, ನಿನ್ನೆ ಜಾತ್ರೆಯಲ್ಲಿ ಮಾಡಿದ ಆಣೆ ಹೇಗೆ ನಿಂತೀತು?

ಊಟದಷ್ಟೇ ಸಂಗವೂ ಮುಖ್ಯ. 1935ರಲ್ಲಿ ಅಮೆರಿಕೆಯ ಆಕ್ರನ್ ಪಟ್ಟಣದಲ್ಲಿ ಕುಡಿತ ಬಿಡಬೇಕೆಂದು ಒದ್ದಾಡುತ್ತಿದ್ದ ಇಬ್ಬರು ಭೇಟಿಯಾದರು, ಒಬ್ಬರಿಗೊಬ್ಬರು ಆಸರೆಯಾದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಜಗದ್ವ್ಯಾಪಿ ಸಂಘ ಹುಟ್ಟಿದ್ದು ಅಲ್ಲಿಂದ. ಧರ್ಮಸ್ಥಳದ ಕಡೆಯಿಂದ ನಡೆಯುವ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿಯೂ ಕುಡಿತ ಬಿಡುವವರು ದಿನಗಟ್ಟಲೆ ಒಟ್ಟಿಗೆ ಇದ್ದು, ಒಟ್ಟಿಗೆ ಉಣ್ಣುತ್ತಾರೆ. ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳಾಗಿ ಕೂಡುತ್ತಾರೆ. ನಮ್ಮ ಬೀದರದ ಗುರುನಾನಕ ಝೀರಾದಲ್ಲಿ ಲಂಗರಿನ ಸಾಲು ನೋಡಿದ್ದೀರಿ. ಯಾರು ಬಂದರೂ ನೆಲದ ಮೇಲೆ ಒಂದೇ ಸಾಲು. ನಮ್ಮ ದಾಸೋಹವೂ ಅದೇ. ಕುಡಿತ ಬಿಟ್ಟವನನ್ನು ಆ ಸಾಲಿನಲ್ಲಿ ಕೂರಿಸಬೇಕು. ಮರುದಿನ ಅದೇ ಸಾಲಿಗೆ ಬಡಿಸುವ ಕೆಲಸ ಅವನಿಗೇ ಕೊಡಬೇಕು. ಬಡಿಸುವ ಕೈ ನಡುಗಬಾರದೆಂಬ ಜವಾಬ್ದಾರಿ ಅವನನ್ನು ಕಾಯುತ್ತದೆ.

ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರನ್ನು ಈ ಸೀಮೆ ಮರೆಯಲಾರದು. ಕಮಲನಗರದಲ್ಲಿ ಹುಟ್ಟಿ, ಶತಾಯುಷಿಗಳಾಗಿ 1999ರಲ್ಲಿ ಲಿಂಗೈಕ್ಯರಾದವರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಪಾಠದ ಜೊತೆಗೆ ಆ ಮಕ್ಕಳಿಗೆ ಪ್ರಸಾದವನ್ನೂ ನೀಡಿದರು. ಫಲಕಕ್ಕಿಂತ ಒಳಗಿನ ನಿತ್ಯದ ಪಾಠ ದೊಡ್ಡದು ಎಂದು ಅವರು ತೋರಿಸಿದರು. ಆಣೆ ಮಾಡಿ ಹಾರ ಹಾಕಿಸಿಕೊಂಡ ಫೋಟೋ ಹೊರಗಿನ ಫಲಕ. ಮನೆಯೊಳಗೆ ಹೊತ್ತುಹೊತ್ತಿಗೆ ಬೀಳುವ ತಾಟು, ಕೈಗೆ ಕಾಯಕ, ಸಂಜೆಗೆ ಸತ್ಸಂಗ, ಇವು ಒಳಗಿನ ಪಾಠ.

ಒಮ್ಮೆ ಜಾರಿ ಬಿದ್ದವನನ್ನು ಮತ್ತೆ ಕರೆಯಿರಿ. ಅವನ ತಾಟನ್ನು ಎತ್ತಿ ಇಡಬೇಡಿರಿ. ಕುಡಿದು ಬಂದವನಿಗೆ ಮನೆಯ ದುಡ್ಡು ಕೊಡಬೇಡಿರಿ, ಹೊಡೆತ ಸಹಿಸಬೇಡಿರಿ. ಆದರೆ ಬಿಡುತ್ತೇನೆಂದು ಬಂದವನಿಗೆ ಅನ್ನ ಇಲ್ಲವೆನ್ನಬೇಡಿರಿ. ಮುಂದಿನ ಜಾತ್ರೆಯಲ್ಲಿ ಯಾರು ಜೋಳಿಗೆಗೆ ಚಟ ಹಾಕುತ್ತಾರೋ, ಅವರ ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರೂ ಬರೆಯೋಣ: ನಾಳೆಯಿಂದ ನಲವತ್ತು ದಿನ ಅವರ ಊಟ, ಔಷಧ, ಸಂಜೆ ಇವನ್ನು ನೋಡಿಕೊಳ್ಳುವವರು ಯಾರು ಎಂಬ ಹೆಸರು. ಎರಡೂ ಹೆಸರು ಬಿದ್ದಾಗಲೇ ಆ ದಾನ ಪೂರ್ಣವಾಯಿತೆಂದು ತಿಳಿಯೋಣ.